ಬಾಡದ ಹಸಿರು

ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ ನಾನು ಮೊದಲು ನೋಡುವುದು ಒಂದು ಮೋರಿಯನ್ನು. ಮೋರಿ ಇರುವುದು ಉಯ್ಯಂಬಳ್ಳಿಯಿಂದಾಚೆ, ಕಾಡಿನ ಅಂಚಿನ ದಾರಿಯಲ್ಲಿ; ಹಳ್ಳ ದಾಟುವ ಸಣ್ಣ ಸೇತುವೆ. ನಾನಿರುವುದು ಕನಕಪುರದ ಪೇಟೆಯೊಳಗೆ, ಎರಡು ಕೋಣೆಯ ಮನೆಯಲ್ಲಿ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ಪರದೆಯಲ್ಲಿ ಮೂರು ಚೌಕಗಳು ಕಾಣುತ್ತವೆ: ಮೋರಿ, ಕೆರೆ ಏರಿ, ಮಾವಿನ ತೋಪು. ಆನೆಗಳು ರಸ್ತೆ ದಾಟುವುದು ಆ ಮೂರು ಕಡೆ. ಚೌಕಗಳ ಬಣ್ಣ ನೋಡದೆ ನಾನು ಒಲೆ ಹಚ್ಚುವುದಿಲ್ಲ.

ಆ ಪುಟವನ್ನು ಬರೆದವಳು ನಾನೇ. ವಯಸ್ಸಾದ ಮೇಲೆ ಕಲಿತು ಬರೆದದ್ದು. ಅದರಿಂದ ನನಗೆ ಸಿಕ್ಕಿದ ಸಂತೋಷ ಸ್ವಲ್ಪ, ಭಯ ಬಹಳ. ಆ ಭಯದ ವಿಷಯವನ್ನೇ ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳು. ನಿವೃತ್ತಿಯಾದರೂ ಮೈಗೆ ಹತ್ತಿದ ಶಿಸ್ತು ಬಿಟ್ಟಿಲ್ಲ. ಹಾಸಿಗೆಯ ಹೊದಿಕೆಯ ಮೂಲೆ ಮಡಿಸದೆ ಕೋಣೆಯಿಂದ ಹೊರಗೆ ಬರುವುದಿಲ್ಲ. ಕತ್ತರಿ, ದಾರ, ಮಾತ್ರೆ, ಬೀಗದ ಕೈ, ಒಂದೊಂದಕ್ಕೂ ಅದರದರ ಜಾಗ. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹೋಗುವವಳು ಬರುವವಳಿಗೆ ರೋಗಿಗಳನ್ನು ಒಪ್ಪಿಸುವ ಕ್ರಮವೊಂದಿದೆ. ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಬಾಯಲ್ಲಿ ಹೇಳುವಂತಿಲ್ಲ. ಇಬ್ಬರೂ ಹಾಸಿಗೆಯಿಂದ ಹಾಸಿಗೆಗೆ ನಡೆಯಬೇಕು, ರೋಗಿಯ ಮುಂದೆ ನಿಲ್ಲಬೇಕು, ನೇತಾಡುವ ಬಾಟಲಿಯನ್ನು ಕಣ್ಣಿಂದ ನೋಡಬೇಕು. ಇದು ನಾನು ಕಲಿತ ಮೊದಲ ಪಾಠ, ಕಿರಿಯರಿಗೆ ಕೊನೆಯ ದಿನದವರೆಗೂ ಕಲಿಸಿದ ಪಾಠ.

ಆ ಕಾಡುದಾರಿಯಿಂದ ಆಸ್ಪತ್ರೆಗೆ ತಂದವರನ್ನು ನಾನು ನೋಡಿದ್ದೇನೆ. ಅವರ ಗಾಯಗಳನ್ನು ಬರೆಯಲು ಮನಸ್ಸಿಲ್ಲ. ಒಂದು ಸಂಗತಿ ಮಾತ್ರ ಹೇಳುತ್ತೇನೆ. ಅವರ ಕಾಲಿನಲ್ಲಿ ಚಪ್ಪಲಿ ಒಂದೇ ಇರುತ್ತಿತ್ತು. ಓಡಿದವರು. ಇನ್ನೊಂದು ಚಪ್ಪಲಿಯನ್ನು ಜೊತೆಗೆ ಬಂದವರು ಯಾರಾದರೂ ಚೀಲದಲ್ಲಿ ಹಾಕಿಕೊಂಡು ತಂದಿರುತ್ತಿದ್ದರು. ಯಾಕೆ ತಂದಿರಿ ಎಂದರೆ ಅವರಿಗೂ ತಿಳಿಯುತ್ತಿರಲಿಲ್ಲ. ನಾನು ಅದನ್ನು ಇಸಿದುಕೊಂಡು ಮಂಚದ ಕೆಳಗೆ ಜೋಡಿ ಮಾಡಿ ಇಡುತ್ತಿದ್ದೆ.

ನನ್ನ ತಂಗಿ ದಿನವೂ ಬೆಳಗಿನ ಜಾವ ಅದೇ ದಾರಿಯಲ್ಲಿ ಹೋಗುತ್ತಾಳೆ. ಅವಳ ಮನೆ ತೋಟದಲ್ಲಿ, ಕೆರೆ ಏರಿಗೆ ಹತ್ತಿರ. ಹಾಲಿನ ಡೈರಿ ಊರೊಳಗೆ, ಮೋರಿಯಿಂದಾಚೆ. ಸ್ಕೂಟರಿನ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು, ಮಂಕಿ ಕ್ಯಾಪಿನೊಳಗೆ ಫೋನು ಸಿಕ್ಕಿಸಿಕೊಂಡು, ಇನ್ನೂ ಮಬ್ಬಿರುವಾಗಲೇ ಹೊರಡುತ್ತಾಳೆ. ತಡವಾದರೆ ಹಾಲಿನ ಗಾಡಿ ಹೊರಟುಹೋಗುತ್ತದೆ. ಹಸು ಕಟ್ಟಿದವರಿಗೆ ಬೆಳಕಾಗುವವರೆಗೆ ಕಾಯುವ ಸೌಕರ್ಯವಿಲ್ಲ.

ನಾವಿಬ್ಬರೂ ಹುಟ್ಟಿ ಬೆಳೆದದ್ದು ಅದೇ ದಾರಿಯ ಬದಿಯಲ್ಲಿ. ಆ ದಾರಿಗೆ ಒಂದು ಪದ್ಧತಿ ಇದೆ. ಆನೆ ದಾಟಿದ್ದನ್ನೋ ಹಸಿ ಲದ್ದಿಯನ್ನೋ ಕಂಡವರು ಹೊಂಗೆಯ ಕೊಂಬೆಯೊಂದನ್ನು ಮುರಿದು ಮೋರಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಹಿಂದೆ ಬರುವವರು ಅದನ್ನು ಕಂಡು ನಿಲ್ಲುತ್ತಾರೆ. ಯಾರು ಇಟ್ಟರೆಂದು ಯಾರೂ ಕೇಳುವುದಿಲ್ಲ. ಇಟ್ಟವರು ಮತ್ತೆ ಬಂದು ತೆಗೆಯುವುದೂ ಇಲ್ಲ. ಚಿಕ್ಕವರಿದ್ದಾಗ ಅಪ್ಪನ ಜೊತೆ ನಡೆಯುವಾಗ ಅಂಥ ಕೊಂಬೆ ಕಂಡರೆ ಅಪ್ಪ ಬಗ್ಗಿ ಎಲೆಯನ್ನು ಬೆರಳಲ್ಲಿ ಹಿಚುಕಿ ನೋಡುತ್ತಿದ್ದರು. ಕೆಲವು ಸಲ ನಮ್ಮನ್ನು ಹಿಂದಕ್ಕೆ ಎಳೆದುಕೊಂಡು ಬರುತ್ತಿದ್ದರು. ಕೆಲವು ಸಲ ಏನೂ ಹೇಳದೆ ಮುಂದಕ್ಕೆ ನಡೆಯುತ್ತಿದ್ದರು.

ಈಚೆಗೆ ಡೈರಿಯ ಸೆಕ್ರೆಟರಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿದ. ಆನೆ ಕಂಡವರು ಅದರಲ್ಲಿ ಹಾಕಬೇಕು. ತಂಗಿ ಒಂದು ದಿನ ನಗುತ್ತಾ ಹೇಳಿದಳು: “ಆನೆ ಬಂದೈತೆ ಅಂತ ಯಾವನಾರ ಹಾಕಿರ್ತಾನೆ ಕಣಕ್ಕ. ಅದು ಮೇಲಕ್ಕೆ ಹೋಗ್ಬುಡ್ತದೆ. ಕೆಳಗೆಲ್ಲ ಬರೀ ಶುಭೋದಯದ ಹೂವ. ಆ ಹೂವ ಸರಿಸಿ ಸರಿಸಿ ಆನೆ ಹುಡುಕೋ ಹೊತ್ಗೆ ಆನೇನೇ ಎದುರಿಗೆ ಬಂದಿರ್ತದೆ.”

ಅವಳು ನಕ್ಕಳು. ನನಗೆ ಮಂಚದ ಕೆಳಗಿನ ಚಪ್ಪಲಿಗಳು ನೆನಪಾದವು. ಹೂವೂ ಬೇಡ, ಶುಭಾಶಯವೂ ಬೇಡ, ಆ ದಾರಿಯ ಸ್ಥಿತಿ ಮಾತ್ರ ತೋರಿಸುವ ಒಂದು ಪುಟ ಸಾಕು ಎಂದು ಅಂದು ಅನ್ನಿಸಿತು. ಅದನ್ನು ಮಾಡುವುದು ಹೇಗೆಂದು ತಿಳಿದಿರಲಿಲ್ಲ.

ರಾಮನಗರಕ್ಕೆ ಹೋಗಿ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡೆ. ಅಂಗಡಿಯವನು ಒರೆಸಿ ಕೊಡುತ್ತಾ, “ಮೊಮ್ಮಗಳಿಗಾ ಅಮ್ಮ?” ಎಂದ.

“ನನಗೆ” ಎಂದೆ.

“ಸೀರಿಯಲ್ ನೋಡಕ್ಕಾದ್ರೆ ಟೀವಿನೇ ವಾಸಿ.”

“ವೆಬ್‌ಸೈಟ್ ಬರೆಯೋದಕ್ಕೆ” ಎಂದಾಗ ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಹೆಚ್ಚಿನ ಮೆಮೊರಿ ಹಾಕಿಕೊಟ್ಟು, “ಸಾರಿ ಅಮ್ಮ” ಎಂದು ಬ್ಯಾಗನ್ನು ಬಿಟ್ಟಿ ಕೊಟ್ಟ.

ಕಲಿಯಲು ಏನೇನು ಸಿಕ್ಕಿತು ಎನ್ನುವುದನ್ನು ಸ್ವಲ್ಪ ಹೇಳಬೇಕು. ನನ್ನ ವಯಸ್ಸಿನವರು ಕೇಳುತ್ತಿರುತ್ತಾರೆ. ಮೊದಲನೆಯದು, ವೆಬ್ ಪುಟ ಬರೆಯುವವರಿಗೆಂದೇ ಇರುವ ಆಕರ ತಾಣ. ಕಾಸಿಲ್ಲದೆ ಓದಬಹುದು. ಒಂದೊಂದು ಆಜ್ಞೆಗೂ ಒಂದೊಂದು ಪುಟ: ಇದು ಏನು, ಹೇಗೆ ಬಳಸಬೇಕು, ಯಾವುದರ ಜೊತೆ ಬಳಸಬಾರದು, ಒಂದು ಸಣ್ಣ ಉದಾಹರಣೆ. ನನಗೆ ಅದು ವಾರ್ಡಿನ ಔಷಧಿ ಕೈಪಿಡಿಯ ಹಾಗೆ ಕಂಡಿತು. ಅಂದಾಜಿನಲ್ಲಿ ಔಷಧಿ ಕೊಡದವಳು ಅಂದಾಜಿನಲ್ಲಿ ಕೋಡ್ ಬರೆಯಬಾರದೆಂದು ಬೆಳಗಿನ ತಿಂಡಿಯ ನಂತರ ಅದನ್ನೇ ಓದಿದೆ. ಇಂಗ್ಲಿಷ್ ತೊಡಕಾದ ಕಡೆ ಕನ್ನಡದಲ್ಲಿ ಪಾಠ ಹೇಳುವ ಹೆಣ್ಣುಮಗಳೊಬ್ಬಳ ವಿಡಿಯೊಗಳು ಸಹಾಯಕ್ಕೆ ಬಂದವು. ಅವಳು ಮಾತಾಡುವುದು ಜೋರು. ನಿಲ್ಲಿಸಿ, ಟೈಪು ಮಾಡಿ, ನಡೆಯುತ್ತದೆಯೇ ನೋಡಿ, ಮತ್ತೆ ಮುಂದೆ ಬಿಡುತ್ತಿದ್ದೆ. ನೋಡಿ ಕಲಿತದ್ದು ಸಂಜೆಗೆ ಮರೆಯುತ್ತದೆ, ಕೈಯಿಂದ ಟೈಪು ಮಾಡಿದ್ದು ಉಳಿಯುತ್ತದೆ.

ಪ್ರಶ್ನೆ ಕೇಳುವ ತಾಣಗಳೂ ಇವೆ. ಅಲ್ಲಿ ನನಗೆ ಭಯ. ಮೊದಲ ಪ್ರಶ್ನೆ ಹಾಕಿ ಕಾಫಿ ಕುಡಿದು ಬರುವಷ್ಟರಲ್ಲಿ ‘ಇದನ್ನು ಆಗಲೇ ಕೇಳಿದ್ದಾರೆ, ಹುಡುಕಿ ನೋಡಿ’ ಎಂದು ಯಾರೋ ಬಾಗಿಲು ಹಾಕಿದ್ದರು. ಆಪರೇಷನ್ ಕೋಣೆಯಲ್ಲಿ ಸರ್ಜನರ ಕೈಗೆ ತಪ್ಪು ಕತ್ತರಿ ಕೊಟ್ಟಾಗ ಕಿವಿ ಬಿಸಿಯಾದಂತೆ ಆಯಿತು. ಆದರೆ ಅವರು ಹೇಳಿದ್ದು ಸರಿಯಾಗಿತ್ತು. ಉತ್ತರ ಅಲ್ಲೇ ಇತ್ತು.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಆಜ್ಞೆಗಳನ್ನು ಟೈಪು ಮಾಡುವ ಕಪ್ಪು ಕಿಟಕಿ. ಅದರಲ್ಲಿ ಅಳಿಸಿದ್ದು ಅಳಿಸಿಯೇ ಹೋಗುತ್ತದೆ. ‘ನಿಜವಾಗಿ ಅಳಿಸಲೇ’ ಎಂದು ಕೂಡ ಕೇಳುವುದಿಲ್ಲ. ಇಂಜೆಕ್ಷನ್ ಕೊಡುವ ಮುಂಚೆ ಹೆಸರು, ಪ್ರಮಾಣ ಗಟ್ಟಿಯಾಗಿ ಓದುವ ರೂಢಿ ನಮಗಿತ್ತು. ಇಲ್ಲೂ ಎಂಟರ್ ಒತ್ತುವ ಮುಂಚೆ ಆಜ್ಞೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಪಕ್ಕದ ಮನೆಯವರು ನಾನು ಮಂತ್ರ ಕಲಿಯುತ್ತಿದ್ದೇನೆ ಅಂದುಕೊಂಡಿದ್ದರಂತೆ. ಆ ಭಯ ಸ್ವಲ್ಪ ಇಳಿದದ್ದು ಕೋಡಿನ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಸಾಧನ ಕಲಿತ ಮೇಲೆ. ಅದರಲ್ಲಿ ಇಂದು ಬರೆದದ್ದು ಕೆಟ್ಟರೆ ನಿನ್ನೆಯದಕ್ಕೆ ಹೋಗಬಹುದು. ಇದನ್ನು ಮೊದಲೇ ಕಲಿಯಬೇಕಿತ್ತು. ಕಲಿಯುವವರೆಲ್ಲ ಇದನ್ನು ಮೊದಲು ಕಲಿಯಲಿ.

ಇನ್ನೆರಡು ಸಾಧನಗಳ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬ್ರೌಸರಿನಲ್ಲೇ ಒಂದು ಪರೀಕ್ಷಾ ಫಲಕ ಇರುತ್ತದೆ. ಅದನ್ನು ತೆರೆದರೆ ಪುಟದ ಒಳಗೆಲ್ಲ ಕಾಣುತ್ತದೆ. ಕೊಯ್ಯದೆ ಹೊಟ್ಟೆಯೊಳಗೆ ನೋಡಿದ ಹಾಗೆ. ಆ ಫಲಕದಲ್ಲಿ ಒಂದು ಸಣ್ಣ ಗುರುತು ಚೌಕವಿದೆ. ಅದನ್ನು ಒತ್ತಿದರೆ ಬ್ರೌಸರು ತಾನು ಹಿಂದೆ ಉಳಿಸಿಕೊಂಡ ಪ್ರತಿಯನ್ನು ತೋರಿಸದೆ, ಪ್ರತಿ ಸಲವೂ ಹೊಸದನ್ನೇ ತಂದು ತೋರಿಸುತ್ತದೆ. ಪಾಠದ ಹೆಣ್ಣುಮಗಳು ಕೆಲಸ ಮಾಡುವಾಗ ಅದನ್ನು ಒತ್ತಿಡಿ ಎಂದಿದ್ದಳು. ಒತ್ತಿಟ್ಟೆ. ಮತ್ತೆ ತೆಗೆಯಲಿಲ್ಲ. ಎರಡನೆಯದು ಅಂಕ ಕೊಡುವ ಸಾಧನ. ಪುಟವನ್ನು ಪರೀಕ್ಷಿಸಿ, ಬೇಗ ತೆರೆಯುತ್ತದೆಯೇ, ಅಕ್ಷರ ಕಾಣುತ್ತದೆಯೇ, ಎಲ್ಲಕ್ಕೂ ಅಂಕ ಹಾಕುತ್ತದೆ. ನನ್ನಂಥವಳಿಗೆ ಅಂಕ ತೋರಿಸಬಾರದು. ಪೂರ್ತಿ ಬರುವವರೆಗೆ ಊಟ ಸೇರುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪುಟ ಎದ್ದು ನಿಂತಿತು. ದಾರಿಯ ಎರಡೂ ಕಡೆಯ ನಂಬಿಕಸ್ಥರು ಕೆಲವರು, ಅವರಲ್ಲಿ ಸೆಕ್ರೆಟರಿಯೂ ಒಬ್ಬ, ತಾವು ಕಂಡದ್ದನ್ನು ಒತ್ತಬೇಕು. ಆನೆ ಇದ್ದರೆ ಚೌಕ ಕೆಂಪು, ‘ಆನೆ ಇದೆ’. ಇಲ್ಲದಿದ್ದರೆ ಹಸಿರು, ‘ದಾರಿ ಖಾಲಿ’. ಅಷ್ಟೇ. ಹಾಲು ಹಾಕುವವರೆಲ್ಲ ಫೋನಿನಲ್ಲಿ ಇಟ್ಟುಕೊಂಡರು. ಸೆಕ್ರೆಟರಿ ಡೈರಿಯ ಗೋಡೆಗೆ ಅದರ ವಿಳಾಸ ಅಂಟಿಸಿದ. “ನಮ್ಮಕ್ಕ ಮಾಡಿರಾದು” ಎಂದು ತಂಗಿ ಊರಿಗೆಲ್ಲ ಹೇಳಿದಳು.

ಒಂದೇ ಕೊರತೆ. ಕೆರೆ ಏರಿ ಇಳಿದ ಮೇಲೆ ಮೋರಿಯವರೆಗೆ ದಾರಿ ತಗ್ಗಿನಲ್ಲಿದೆ, ಅಲ್ಲಿ ಸಿಗ್ನಲ್ ಇಲ್ಲ. ತೋಟದ ಮನೆಯಲ್ಲೂ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಪುಟ ತೆರೆಯದೆ ಬಿಳಿಯಾಗಿ ನಿಲ್ಲುತ್ತಿತ್ತು. ಅಂಕದ ಸಾಧನವೂ ಅದನ್ನೇ ಹೇಳಿ ಅಂಕ ಕಡಿದಿತ್ತು. ಅದಕ್ಕೂ ಪಾಠ ಸಿಕ್ಕಿತು. ಪುಟದ ಒಂದು ಪ್ರತಿಯನ್ನು ಫೋನಿನೊಳಗೇ ಇಟ್ಟು, ತೆರೆದಾಗ ಮೊದಲು ಅದನ್ನು ತೋರಿಸುವುದು; ಹೊಸ ಪ್ರತಿ ಹಿಂದಿನಿಂದ ಸದ್ದಿಲ್ಲದೆ ಬಂದು ಸೇರಿಕೊಂಡು ಮುಂದಿನ ಸಲ ತೆರೆದಾಗ ಕಾಣುವುದು. ಪಾಠದಲ್ಲಿ ಇದ್ದ ಉದಾಹರಣೆ ಒಂದು ಅಡುಗೆ ಪುಸ್ತಕದ ಪುಟ. ಹಾಗೆಯೇ ಬರೆದೆ. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯತೊಡಗಿತು. ಪೂರ್ತಿ ಅಂಕ ಬಂತು. ಲ್ಯಾಪ್‌ಟಾಪಿನಲ್ಲಿ ಕೆಂಪು ಮಾಡಿ ನೋಡಿದೆ, ಹಸಿರು ಮಾಡಿ ನೋಡಿದೆ, ಎಲ್ಲ ಸರಿಯಾಗಿತ್ತು. ಅಂದು ನಿಶ್ಚಿಂತೆಯಿಂದ ಉಂಡೆ.

ರಾಗಿ ಕೊಯ್ದು ಮೆದೆ ಹಾಕಿದ ಕಾಲ ಬಂತು. ಆನೆಗಳು ಹೆಚ್ಚಾಗಿ ಇಳಿಯುವುದು ಆಗಲೇ. ಒಂದು ಬೆಳಗ್ಗೆ ಎಂದಿನಂತೆ ಲ್ಯಾಪ್‌ಟಾಪ್ ತೆರೆದೆ. ಮೋರಿ ಕೆಂಪಾಗಿತ್ತು. ಸೆಕ್ರೆಟರಿ ಆಗತಾನೆ ಒತ್ತಿದ್ದ. ಸದ್ಯ, ತಂಗಿ ಇದನ್ನು ನೋಡಿ ಮನೆಯಲ್ಲೇ ಇರುತ್ತಾಳೆ ಎಂದು ಸಮಾಧಾನವಾಯಿತು. ಆದರೂ ಪಾಳಿ ಒಪ್ಪಿಸುವಾಗ ಬಾಟಲಿಯನ್ನು ಕಣ್ಣಿಂದ ನೋಡುವ ಅಭ್ಯಾಸ. ಫೋನು ಮಾಡಿದೆ.

ಗಾಳಿಯ ಸದ್ದು ಕೇಳಿಸಿತು. ಸ್ಕೂಟರಿನ ಸದ್ದು.

“ಎಲ್ಲಿದೀಯೇ?” ಎಂದೆ.

“ಹೊಂಟೆ ಕಣಕ್ಕ, ಡೈರಿಗೆ.”

“ಮೋರಿ ಹತ್ರ ಆನೆ ಐತೆ. ಕೆಂಪು ತೋರಿಸ್ತಾ ಐತಲ್ಲೇ!”

“ಎಲ್ಲಿ ಕೆಂಪು? ಹಸ್ರು ಐತೆ. ಈಗ್ತಾನೆ ನೋಡ್ಕಂಡೇ ಹೊಂಟೆ. ನೀನು ಮೊದ್ಲು ಕನ್ನಡ್ಕ ಹಾಕ್ಕಂಡು ನೋಡು.” ನಗುತ್ತಿದ್ದಳು.

“ನಿಲ್ಸು ಗಾಡೀನ. ಅಲ್ಲೇ ನಿಲ್ಸು.”

“ಏನಕ್ಕ? ಏರಿ ಇಳೀತಾ ಇವ್ನಿ, ಸಿಗ್ನಲ್ಲು...”

ಅಷ್ಟೇ. ಮತ್ತೆ ಮಾಡಿದರೆ ವ್ಯಾಪ್ತಿಯ ಹೊರಗಿದ್ದಾರೆ ಎಂಬ ಧ್ವನಿ. ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ.

ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಪರದೆಯನ್ನು ಮತ್ತೆ ನೋಡಿದೆ. ಕೆಂಪು. ನನ್ನ ಫೋನು ತೆಗೆದುಕೊಂಡು ಅದರಲ್ಲಿ ಪುಟ ತೆರೆದೆ. ಹಸಿರು. ಮೋರಿ, ದಾರಿ ಖಾಲಿ. ಮೇಜಿನ ಮೇಲೆ ಕೆಂಪು, ಅಂಗೈಯಲ್ಲಿ ಹಸಿರು, ಎರಡೂ ಒಂದೇ ಮೋರಿ. ಕಾಲು ತಣ್ಣಗಾಗುತ್ತಾ ಬಂದದ್ದು ನನಗೆ ಈಗಲೂ ನೆನಪಿದೆ. ಮೊದಲು ಪಾದ, ಆಮೇಲೆ ಮೊಣಕಾಲು.

ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಫೋನು ತೋರಿಸುತ್ತಿದ್ದದ್ದು ನಿನ್ನೆ ಸಂಜೆಯ ಪ್ರತಿ. ತಂಗಿ ನೋಡಿದ್ದೂ ಅದನ್ನೇ. ಹೊಸದು ಹಿಂದಿನಿಂದ ಬಂದು ಸೇರಿದ್ದರೂ ಅದು ಕಾಣುವುದು ಮುಂದಿನ ಸಲ ತೆರೆದಾಗ. ಲ್ಯಾಪ್‌ಟಾಪಿನಲ್ಲಿ ಮಾತ್ರ ಆ ಗುರುತು ಚೌಕ ಒತ್ತಿಯೇ ಇದ್ದುದರಿಂದ ನನಗೆ ಯಾವಾಗಲೂ ಹೊಸದೇ ಕಂಡಿತ್ತು. ದಾರಿಯಲ್ಲಿ ಹೋಗುವವರ ಕೈಯಲ್ಲಿ ಲ್ಯಾಪ್‌ಟಾಪ್ ಇರುವುದಿಲ್ಲ. ನಾನು ಪರೀಕ್ಷಿಸಿದ್ದು ನನ್ನ ಮೇಜನ್ನು.

ಸೆಕ್ರೆಟರಿಗೆ ಫೋನು ಮಾಡಿದೆ. ಪಿಸುಮಾತಿನಲ್ಲಿ ಮಾತಾಡಿದ.

“ಸಿಸ್ಟ್ರಮ್ಮ, ಮೋರಿ ಕೆಳಗಡೆ ಹಳ್ಳದಲ್ಲೇ ನಿಂತವೆ. ಮರಿ ಐತೆ. ನಾವೆಲ್ಲ ಈಚೆ ಕಡೆ ನಿಂತ್ಬುಟ್ಟಿದೀವಿ.”

“ನನ್ನ ತಂಗಿ ಆಚೆಯಿಂದ ಬರ್ತಾ ಇದಾಳೆ.”

“ಕೆಂಪು ಒತ್ತಿದ್ನಲ್ಲಮ್ಮ, ನೋಡ್ಲಿಲ್ವಾ ಅವ್ರು?”

“ಪಟಾಕಿ ಹೊಡೆದು ಓಡಿಸೋಕೆ ಆಗಲ್ವಾ?” ಎಂದೆ.

“ಹೊಡುದ್ರೆ ಓಡ್ತವೆ ಸಿಸ್ಟ್ರಮ್ಮ. ಆದ್ರೆ ನಾವು ಈಚೆ ಇವಿ. ಅವು ಓಡಾದು ಆಚೀಕೆ. ನಿಮ್ ತಂಗಿ ಬರಾ ಕಡೀಕೇಯ.”

ಯಾರೂ ಪಟಾಕಿ ಹೊಡೆಯದಂತೆ ನೋಡಿಕೊಳ್ಳಿ ಎಂದು ಹೇಳಿ, ಆಚೆ ಕಡೆಯಿಂದ ಹಾಲು ತರುವವರ ಹೆಸರು, ನಂಬರು ಕೇಳಿ ಬರೆದುಕೊಂಡು ಇಟ್ಟೆ.

ವಾರ್ಡಿನಲ್ಲಿ ಬಾಟಲಿಯ ಮೇಲೆ ಅನುಮಾನ ಬಂದರೆ ಮೊದಲು ಹನಿ ನಿಲ್ಲಿಸಬೇಕು, ಯೋಚನೆ ಆಮೇಲೆ. ಹಾಲು ಹಾಕುವವರು ಇನ್ನೂ ಅನೇಕರು ಹೊರಡುವ ಹೊತ್ತು. ಕಪ್ಪು ಕಿಟಕಿ ತೆರೆದು, ಆಜ್ಞೆಯನ್ನು ಗಟ್ಟಿಯಾಗಿ ಓದದೆಯೇ ಎಂಟರ್ ಒತ್ತಿ, ಪುಟವನ್ನು ಹಂಚುವ ಸರ್ವರನ್ನೇ ನಿಲ್ಲಿಸಿಬಿಟ್ಟೆ. ಲ್ಯಾಪ್‌ಟಾಪಿನಲ್ಲಿ ಪುಟ ಸತ್ತಿತು. ಫೋನಿನಲ್ಲಿ ತೆರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಹಸಿರು. ದಾರಿ ಖಾಲಿ.

ಮುಚ್ಚಿ ತೆರೆದೆ. ಹಸಿರು. ಎಲ್ಲಿಂದ ಬರುತ್ತಿದೆ ಎಂದು ಕೂಗಬೇಕೆನ್ನಿಸಿತು. ಎಲ್ಲಿಂದಲೂ ಬರುತ್ತಿರಲಿಲ್ಲ. ಕರೆಯಲ್ಲಿದ್ದ ಫೋನಿಗೆ ಕೆಂಪು ಪ್ರತಿ ಬಂದು ಸೇರುವ ಮೊದಲೇ ನಾನು ಸರ್ವರು ನಿಲ್ಲಿಸಿದ್ದೆ; ಉಳಿದದ್ದು ಹಳೆಯ ಹಸಿರು. ಅದು ಆ ದಾರಿಯಲ್ಲಿ ಓಡಾಡುವ ಪ್ರತಿಯೊಬ್ಬರ ಜೇಬಿನೊಳಗೂ ಆಗಲೇ ಇತ್ತು. ಯಾವ ಸಂಪರ್ಕವೂ ಇಲ್ಲದೆ ತೆರೆಯಬೇಕು ಎಂದು ನಾನೇ ತಾನೆ ಕಲಿಸಿದ್ದು? ಈಗ ನಾನು ಬೇಡವೆಂದರೂ ಕೇಳುವುದಿಲ್ಲ. ಕಾಯಿಲೆಯವರನ್ನು ಕಂಡು ಹೆದರಿದ್ದೇನೆ, ಸಾವು ಕಂಡು ಹೆದರಿದ್ದೇನೆ. ನಾನು ಬರೆದದ್ದೊಂದು ನನ್ನ ಕೈ ಮೀರಿ ಹೋಗಿ ಜನರ ಕಿವಿಯಲ್ಲಿ ಸುಳ್ಳು ಹೇಳುತ್ತಾ ನಿಂತದ್ದನ್ನು ಕಂಡು ಹೆದರಿದ್ದು ಅದೇ ಮೊದಲು.

ಉಳಿದದ್ದು ಒಂದೇ ಸಾಧನ, ಬರೀ ಮಾತಾಡುವ ಫೋನು. ಸೆಕ್ರೆಟರಿ ಹೇಳಿದ ಹೆಸರುಗಳನ್ನು ಹಿಡಿದು ಒಬ್ಬೊಬ್ಬರಿಗೇ ಮಾಡಿದೆ. ‘ಪುಟ ನಂಬಬೇಡಿ, ಮೋರಿಯಲ್ಲಿ ಆನೆ ಇದೆ, ಹೊರಡಬೇಡಿ.’ ಒಬ್ಬರು ಮುದುಕರು, “ಹಸ್ರು ಐತಲ್ಲವ್ವ?” ಎಂದು ವಾದಿಸಿದರು. “ಅದನ್ನ ಬರ್ದೋಳು ನಾನೇ, ನಾನು ಹೇಳ್ತಿದೀನಿ, ಅದು ಸುಳ್ಳು” ಎಂದೆ. “ಹಂಗಾದ್ರೆ ಯಾಕವ್ವ ಬರ್ದೆ?” ಎಂದರು. ನಡುನಡುವೆ ತಂಗಿಯ ನಂಬರು ಒತ್ತುತ್ತಿದ್ದೆ. ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ.

ಕರೆ ಮಾಡಲು ಇನ್ನು ಯಾರೂ ಉಳಿಯದೆ ಹೋದಾಗ ಕೈಗೆ ಕೆಲಸವಿಲ್ಲದಾಯಿತು. ಅದೇ ಕಷ್ಟ. ಎದ್ದು ಹೋಗಿ ಬಾಗಿಲ ಬಳಿಯ ನನ್ನ ಚಪ್ಪಲಿಗಳನ್ನು ನೇರ ಮಾಡಿದೆ. ಅವು ನೇರವಾಗಿಯೇ ಇದ್ದವು. ಬಂದು ಕೂತೆ. ಮತ್ತೆ ಎದ್ದು ಹೋಗಿ ನೇರ ಮಾಡಿದೆ.

ಕಿಟಕಿಯಲ್ಲಿ ಬಿಸಿಲು ಬಂದ ಮೇಲೆ ಫೋನು ಬಡಿದುಕೊಂಡಿತು. ತಂಗಿಯ ನಂಬರು. ಎತ್ತಲು ಭಯ. ಅವಳ ಫೋನಿನಿಂದ ಇನ್ಯಾರಾದರೂ ಮಾತಾಡಿದರೆ? ಎಷ್ಟು ಸಲ ನಾನೇ ಆ ಕೆಲಸ ಮಾಡಿಲ್ಲ, ರೋಗಿಯ ಫೋನಿನಿಂದ ಮನೆಯವರಿಗೆ!

“ಅಕ್ಕ” ಎಂದಳು.

“ಎಲ್ಲಿದೀಯೇ?” ಎಂದೆ.

“ಏರಿ ಮ್ಯಾಲೆ ಇವ್ನಿ. ಏನೂ ಆಗಿಲ್ಲ. ಹಾಲು ಎಲ್ಲ ಚೆಲ್ಲೋಯ್ತು.” ಹಲ್ಲು ಕಟಕಟಿಸುವುದು ಕೇಳುತ್ತಿತ್ತು. “ನೀ ಬಾ.”

ಬಸ್ಸು ಹಿಡಿದು ಹೋದೆ. ತೋಟದ ಮನೆಯ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ನಾನು ಮೊದಲು ನೋಡಿದ್ದು ಕಾಲನ್ನು. ಒಂದರಲ್ಲಿ ಚಪ್ಪಲಿ ಇತ್ತು. ಇನ್ನೊಂದು ಬರಿಗಾಲು, ಕೆಸರು ಒಣಗಿತ್ತು.

ನೀರು ಕಾಯಿಸಿ ಆ ಕಾಲನ್ನು ತೊಳೆದೆ. ಹಿಮ್ಮಡಿಯಲ್ಲಿ ಮುಳ್ಳು ಮುರಿದಿತ್ತು. ಸೂಜಿ ಕಾಯಿಸಿ ತೆಗೆಯುವಾಗ ಬೇಕಾದದ್ದಕ್ಕಿಂತ ಆಳಕ್ಕೆ ಚುಚ್ಚಿದೆ. ವಾರ್ಡಿನಲ್ಲಿ ಎಂದೂ ಹಾಗೆ ಮಾಡಿದವಳಲ್ಲ.

“ಮೆತ್ತಗೆ ಕಣಕ್ಕ. ಆನೆ ಬುಟ್ಟೈತೆ, ನೀನ್ ಕೊಲ್ಬೇಡ” ಎಂದಳು. ಇಬ್ಬರೂ ನಗಲು ಹೋಗಿ ಅತ್ತೆವು.

ಆಮೇಲೆ ಹೇಳಿದಳು. ಮುಂಚೆಯೆಲ್ಲ ಮೋರಿ ಬರುವ ಮೊದಲೇ ಗಾಡಿ ನಿಧಾನ ಮಾಡಿ ಕಟ್ಟೆಯ ಕಡೆ ಕಣ್ಣು ಹಾಯಿಸುತ್ತಿದ್ದಳು, ಕೊಂಬೆ ಇದೆಯೇ ಎಂದು. ಪುಟ ಬಂದ ಮೇಲೆ ಅದನ್ನು ಬಿಟ್ಟಿದ್ದಳು. “ಹಸ್ರು ಐತಲ್ಲ, ಇನ್ನೇನು ನೋಡಾದು ಅಂತ ಜೋರಾಗೇ ಬತ್ತಾ ಇದ್ದೆ.” ಆದರೆ ಅಂದು ಕೊಂಬೆ ಇಟ್ಟವರು ಯಾರೋ ಕಟ್ಟೆಯ ಮೇಲೆ ಇಟ್ಟಿರಲಿಲ್ಲ. ಅವಳು ಬರುವ ಕಡೆ, ಮೋರಿಗಿಂತ ಸ್ವಲ್ಪ ಮೊದಲೇ, ದಾರಿಯ ನಟ್ಟನಡುವೆ ಅಡ್ಡಲಾಗಿ ಎಳೆದು ಹಾಕಿದ್ದರು. ಕಟ್ಟೆಯನ್ನು ಈಗ ಯಾರೂ ನೋಡುವುದಿಲ್ಲ ಎಂದು ಅವರಿಗೆ ತಿಳಿದಿರಬೇಕು. ಸ್ಕೂಟರಿನ ಚಕ್ರ ಅದರ ಮೇಲೆ ಹತ್ತಿ ಜಾರಿತು, ಕ್ಯಾನು ಉರುಳಿತು, ಅವಳೂ ಬಿದ್ದಳು.

“ಯಾವ್ ಬಡ್ಡೆತ್ತದು ಹಾಕ್ತೋ ಅಂತ ಬೈಯ್ಯಕ್ಕೆ ಬಾಯಿ ತಗದೆ. ಕೈಗೆ ಎಲೆ ಸಿಕ್ತು. ಒಸಿನೂ ಬಾಡಿಲ್ಲ. ಮುರುದ ಕಡೆ ಇನ್ನೂ ಹಸಿ. ಆಗ ಬಾಯಿ ಮುಚ್ಕಂಡೆ. ಕೆಳಗಡೆ ಬಿದ್ರು ಮುರಿಯೋ ಸದ್ದು ಕೇಳುಸ್ತು.” ಗಾಡಿಯನ್ನು ಸ್ಟಾರ್ಟ್ ಮಾಡದೆ, ಎತ್ತಿ ಹಿಂದಕ್ಕೆ ತಳ್ಳಿಕೊಂಡು ಏರಿಯ ಬುಡದವರೆಗೆ ಬಂದಿದ್ದಳು. ಗಾಡಿಯನ್ನು ಏರಿಗೆ ಹತ್ತಿಸಲಾಗದೆ ಅಲ್ಲೇ ಪೊದೆಯ ಮರೆಯಲ್ಲಿ ಕೂತುಬಿಟ್ಟಿದ್ದಳು, ಬಿಸಿಲು ಬರುವವರೆಗೆ. ಚಪ್ಪಲಿ ಎಲ್ಲಿ ಹೋಯಿತೋ ತಿಳಿಯದು.

ನಾನು ಪುಟದ ತಪ್ಪನ್ನು ಅವಳಿಗೆ ತಿಳಿಯುವಂತೆ ಹೇಳಿದೆ. ನೀನು ನೋಡಿದ್ದು ನಿನ್ನೆಯ ಹಸಿರು ಎಂದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹೊಂಗೆ ಸೊಪ್ಪಾದ್ರೆ ಬಾಡ್ತದೆ ಕಣಕ್ಕ” ಎಂದಳು ಕೊನೆಗೆ. “ಬೆಳಗ್ಗೆ ಮುರುದದ್ದು ಮದ್ಯಾನಕ್ಕೆ ಗೊತ್ತಾಗ್ಬುಡ್ತದೆ. ಅಪ್ಪ ಹಿಚುಕಿ ನೋಡ್ತಿರ್ಲಿಲ್ವಾ? ನಿನ್ ಫೋನ್ ಸೊಪ್ಪು ಬಾಡಾದೇ ಇಲ್ವಲ್ಲ.”

ಆ ರಾತ್ರಿ ಅವಳ ಮನೆಯಲ್ಲೇ ಉಳಿದೆ. ಮಾರನೆಯ ದಿನದಿಂದ ಕೂತು ಪುಟವನ್ನು ಬೇರೆ ಮಾಡಿದೆ. ಹಸಿರನ್ನೂ ‘ದಾರಿ ಖಾಲಿ’ ಎಂಬ ಮಾತನ್ನೂ ಕಿತ್ತು ಹಾಕಿದೆ. ದಾರಿ ಖಾಲಿ ಎಂದು ಹೇಳುವ ಅಧಿಕಾರ ನನಗಿಲ್ಲ. ಈಗ ಚೌಕದಲ್ಲಿ ಮೊದಲು ಕಾಣುವುದು ಹೊತ್ತು: ಯಾರೋ ಕೊನೆಯದಾಗಿ ನೋಡಿದ್ದು ಯಾವಾಗ, ಏನು ಕಂಡರು. ಆ ಹೊತ್ತು ಹಿಂದೆ ಸರಿದಂತೆ ಚೌಕದ ಬಣ್ಣ ತಾನಾಗಿ ಕಳೆಗುಂದುತ್ತದೆ. ಆಮೇಲೆ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿ ‘ಗೊತ್ತಿಲ್ಲ’ ಎನ್ನುತ್ತದೆ. ಇದಕ್ಕೆ ಸಿಗ್ನಲ್ ಬೇಕಿಲ್ಲ. ಫೋನಿನೊಳಗಿನ ಗಡಿಯಾರವೇ ಸಾಕು. ಫೋನಿನಲ್ಲಿ ಉಳಿದ ಪ್ರತಿ ಎಷ್ಟೇ ಹಳೆಯದಾದರೂ ತನ್ನ ವಯಸ್ಸನ್ನು ತಾನೇ ಹೇಳಬೇಕು. ಇದನ್ನು ಬರೆಯುವುದು ಆಕರ ತಾಣದ ಎರಡು ಪುಟ ಓದಿದವರಿಗೆ ಕಷ್ಟವಲ್ಲ. ನಾನು ಆ ಪುಟಗಳನ್ನು ಮೊದಲೇ ಓದಿದ್ದೆ ಕೂಡ.

ಹೊಸ ಪುಟ ಎಲ್ಲರ ಫೋನಿಗೂ ತಾನಾಗಿ ಹೋಗುತ್ತದೆ ಎಂದು ಪಾಠ ಹೇಳಿತು. ನಂಬಲಿಲ್ಲ. ಸೆಕ್ರೆಟರಿಯನ್ನು ಜೊತೆಗೆ ಕರೆದುಕೊಂಡು ಮನೆಯಿಂದ ಮನೆಗೆ ನಡೆದೆ. ಪ್ರತಿ ಫೋನನ್ನೂ ಕೈಯಲ್ಲಿ ಹಿಡಿದು, ಹಳೆಯ ಪ್ರತಿಯನ್ನು ಅಳಿಸಿ, ಹೊಸದು ತೆರೆಯುವುದನ್ನು ಕಣ್ಣಿಂದ ನೋಡಿದೆ. ಹಾಸಿಗೆಯಿಂದ ಹಾಸಿಗೆಗೆ. ವಾದಿಸಿದ ಮುದುಕರು ಫೋನು ಕೊಡುತ್ತಾ, “ಈಗ ನಿಜ ಹೇಳ್ತದಾ?” ಎಂದರು.

“ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನುತ್ತೆ” ಎಂದೆ.

“ಅಷ್ಟು ನಮ್ ಸೊಸೆ ಅಂದ್ರೂ ಸಾಕಾಗಿತ್ತು” ಎಂದರು. ಒಳಗಿನಿಂದ ಸೊಸೆ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಸೆಕ್ರೆಟರಿ ನನ್ನನ್ನು ಬೇಗ ಬೇಗ ಮುಂದಿನ ಮನೆಗೆ ಕರೆದುಕೊಂಡು ಹೋದ.

ಅಂಕದ ಸಾಧನಕ್ಕೆ ಹೊಸ ಪುಟವನ್ನು ನಾನು ತೋರಿಸಿಲ್ಲ. ಅದರ ಅಂಕ ಎಷ್ಟೆಂದು ಗೊತ್ತಿಲ್ಲ. ಫಲಕದ ಆ ಗುರುತು ಚೌಕವನ್ನು ತೆಗೆದೆ. ಲ್ಯಾಪ್‌ಟಾಪಿನಲ್ಲಿ ಏನು ಕಂಡರೂ ಅದೇ ಮೋರಿಯನ್ನು ಫೋನಿನಲ್ಲೂ ನೋಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ಮಾಡುತ್ತೇನೆ. ಬಣ್ಣ ಒಂದೇ ಆಗಿದ್ದರೂ ಕಾಲು ಸ್ವಲ್ಪ ತಣ್ಣಗಾಗುತ್ತದೆ. ಈ ಭಯ ಹೋಗುವುದಿಲ್ಲ, ಹೋಗುವುದೂ ಬೇಡ.

ತಂಗಿಯ ಇನ್ನೊಂದು ಚಪ್ಪಲಿಯನ್ನು ಸೆಕ್ರೆಟರಿ ಕೆಲವು ದಿನದ ಮೇಲೆ ಮೋರಿಯ ಹತ್ತಿರ ಕಂಡು, ಚೀಲದಲ್ಲಿ ಹಾಕಿಕೊಂಡು ತಂದುಕೊಟ್ಟ. ಅವಳು ಅದನ್ನು ತೊಳೆದು ಮೆಟ್ಟಿಕೊಂಡು ಓಡಾಡುತ್ತಿದ್ದಾಳೆ. ನಾನು ಹೊಸದು ಕೊಡಿಸುತ್ತೇನೆ ಎಂದರೆ, “ಇದುಕ್ಕೇನಾಗೈತೆ?” ಎನ್ನುತ್ತಾಳೆ.

ಇಂದು ಬೆಳಗ್ಗೆಯೂ ಫೋನು ಮಾಡಿದೆ. ಸ್ಕೂಟರಿನ ಸದ್ದು ಇರಲಿಲ್ಲ. ಹಸುವಿನ ಕೊರಳ ಗಂಟೆ ಕೇಳುತ್ತಿತ್ತು.

“ಏನು ತೋರಿಸ್ತಾ ಐತೆ?” ಎಂದೆ. ನನ್ನ ಎದುರಿಗೆ ಎರಡು ಪರದೆಗಳಿದ್ದವು. ಆದರೂ ಅವಳ ಬಾಯಿಂದ ಕೇಳಬೇಕಿತ್ತು.

“ಒಣಗೈತೆ ಕಣಕ್ಕ” ಎಂದಳು. “ಸೆಕ್ರೆಟ್ರಿ ಹಾಲಿನ ಗಾಡಿ ನಿಲ್ಸ್ಕತೀನಿ ಅಂದವ್ನೆ. ಒಸಿ ಬೆಳಕಾಗ್ಲಿ. ಕಟ್ಟೆ ನೋಡ್ಕಂಡು ಹೋಯ್ತೀನಿ.”